ಹಿನ್ನೀರಿನಾಚೆಯ ಆರು ತೋಟ, ಸಾಗರದ ಒಂದು ಅಂಗಡಿ: ಸಾವಯವ ತರಕಾರಿ ಪೂರೈಕೆಯ ಪ್ರಕರಣ ಅಧ್ಯಯನ

ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಅಲ್ಲಿಯವರೆಗೆ ನೀರಿನಾಚೆಯ ತುಮರಿ ಕಡೆಯಿಂದ ಸಾಗರದ ಅಂಗಡಿಗೆ ಹೋದ ಹರಿವೆ ಸೊಪ್ಪು ಬಾಡಿದ್ದರೆ ಹಿನ್ನೀರು ದಾಟಿಸುವ ಲಾಂಚ್ ತಡ ಮಾಡಿತು ಎನ್ನುತ್ತಿದ್ದರು. ಬಾಳೆಹಣ್ಣು ಕಪ್ಪಾಗಿದ್ದರೆ ಲಾಂಚಿನ ಸಾಲಿನಲ್ಲಿ ಬಿಸಿಲು ಬಡಿಯಿತು, ಕ್ರೇಟ್ ಅರ್ಧ ಖಾಲಿ ಇದ್ದರೆ ನೀರು ಇಳಿದು ಗಾಡಿ ಹತ್ತಿಸಲಿಲ್ಲ. ಈ ಕಾರಣಗಳಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಸೇತುವೆಯಾಗಿ ಸಾಗರ ಒಂದು ಗಂಟೆಯ ದಾರಿಯಾದ ಮೇಲೂ ಹರಿವೆ ಬಾಡಿಯೇ ಬಂತು, ಕ್ರೇಟ್ ಅರ್ಧ ಖಾಲಿಯೇ ಬಂತು. ಪೂರೈಕೆ ಕೆಡುತ್ತಿದ್ದದ್ದು ಮುಖ್ಯವಾಗಿ ನೀರಿನಿಂದಲ್ಲ. ಯಾವ ವಾರಕ್ಕೆ ಎಷ್ಟು ಬಿತ್ತಬೇಕು, ಉಳಿದ ಮಾಲಿನ ನಷ್ಟ ಯಾರದು ಎಂಬ ಎರಡು ವಿಷಯ ಇತ್ಯರ್ಥವಾಗದೆ ಇದ್ದದ್ದರಿಂದ. ಈ ಪ್ರಕರಣವನ್ನು ಆ ಎರಡರ ಸುತ್ತಲೇ ಬಿಡಿಸಿದ್ದೇವೆ. ತೂಕ, ಬೆಲೆಗಳೆಲ್ಲ ದುಂಡು ಸಂಖ್ಯೆಗಳು. ಲೆಕ್ಕ ಹಾಕುವ ದಾರಿ ತಿಳಿಯಲೆಂದು ಕೊಟ್ಟಿವೆಯೇ ಹೊರತು ಇಂದಿನ ಮಾರುಕಟ್ಟೆ ದರ ಎಂದಲ್ಲ.

ಜಾಗ, ತೋಟ, ಅಂಗಡಿ

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಹಿಂದಕ್ಕೆ ತುಂಬಿಕೊಂಡಾಗ ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳ ಊರುಗಳು ತಾಲ್ಲೂಕು ಕೇಂದ್ರದಿಂದ ನೀರಿನಾಚೆಗೆ ಬಿದ್ದವು. ಜನ ಇದನ್ನು ದ್ವೀಪ ಎಂದೇ ಕರೆಯುತ್ತಾರೆ. ನಿಜದಲ್ಲಿ ಮೂರು ಕಡೆ ನೀರು, ಒಂದು ಕಡೆ ಘಟ್ಟದ ಕಾಡು. ಕೋಗಾರು, ಕಾರ್ಗಲ್ ಸುತ್ತಿಕೊಂಡು ರಸ್ತೆಯಲ್ಲೇ ಸಾಗರಕ್ಕೆ ಹೋಗಬಹುದು, ಆದರೆ ಅದು ಸುಮಾರು 80 ಕಿ.ಮೀ. ಲಾಂಚ್ ಹೊರಡುತ್ತಿದ್ದ ಹೊಳೆಬಾಗಿಲಲ್ಲಿ ದಾಟಿದರೆ ಹತ್ತಿರ ಹತ್ತಿರ ಅದರ ಅರ್ಧ.

ಪ್ರಕರಣದ ಆರು ತೋಟಗಳೂ ಸಣ್ಣವು. ಒಂದರಿಂದ ಮೂರು ಎಕರೆ ಅಡಿಕೆ, ಅದರೊಳಗೆ ಬಾಳೆ, ಕಾಳುಮೆಣಸು, ಅಲ್ಲಲ್ಲಿ ಏಲಕ್ಕಿ. ತರಕಾರಿಗೆ ಮನೆಯ ಹಿತ್ತಲು ಮತ್ತು ಭತ್ತ ಕೊಯ್ದ ಗದ್ದೆ ಸೇರಿ ಮನೆಗೆ 6ರಿಂದ 12 ಗುಂಟೆ. ಇದರಲ್ಲಿ ಮರೆಯಬಾರದ ಸಂಗತಿ ಒಂದಿದೆ. ಇವರ ಹೊಟ್ಟೆ ಹೊರೆಯುವುದು ಅಡಿಕೆ, ತರಕಾರಿ ಪಕ್ಕದ ಆದಾಯ. ಕೊನೆ (ಅಡಿಕೆ ಗೊಂಚಲು) ಕೊಯ್ಲು ಶುರುವಾಯಿತೆಂದರೆ ಸುಲಿಯುವುದು, ಬೇಯಿಸುವುದು, ಒಣಗಿಸುವುದರಲ್ಲಿ ಮನೆಮಂದಿಯೆಲ್ಲ ಮುಳುಗುತ್ತಾರೆ. ಅಲಸಂದೆ ಬಳ್ಳಿಯಲ್ಲೇ ಬಲಿಯುತ್ತದೆ. ಅಂಗಡಿಯವರಿಗೆ ಈ ಲೆಕ್ಕ ತಲೆಗೆ ಹೋಗಲು ಬಹಳ ಕಾಲ ಹಿಡಿಯಿತು. ನವೆಂಬರ್, ಡಿಸೆಂಬರಿನಲ್ಲಿ ತರಕಾರಿ ಚೆನ್ನಾಗಿ ಬರುವ ಹವೆ ಇದ್ದೂ ಮಾಲು ಯಾಕೆ ಕಡಿಮೆ ಎಂಬ ಅವರ ಪ್ರಶ್ನೆಗೆ ಉತ್ತರ ಅಡಿಕೆ ಚಪ್ಪರದ ಮೇಲಿತ್ತು.

ಅಂಗಡಿ ಎರಡು ಬಾಗಿಲಿನ ದಿನಸಿ ಅಂಗಡಿ. ಗಾಜಿನ ಬಾಗಿಲ ಫ್ರಿಜ್ ಒಂದಿದೆ, ಅದು ಹಾಲು ಮೊಸರಿಗೇ ಸಾಲದು. ಸಾವಯವ ತರಕಾರಿಗೆ ಗೋಡೆಯ ಒಂದು ಬದಿಯ ನಾಲ್ಕು ಹಲಗೆ.

ಲಾಂಚ್ ಕಾಲ

ಲಾಂಚ್ ಇದ್ದಾಗ ಪೂರೈಕೆ ವಾರಕ್ಕೆ ಎರಡು ದಿನ. ಸಿಗಂದೂರಿಗೆ ಭಕ್ತರು ನುಗ್ಗುವ ವಾರಾಂತ್ಯ, ರಜಾದಿನ ಬಿಟ್ಟು, ಸಾಗರದ ಸಂತೆಯ ದಿನ ಮತ್ತು ಅದರ ಹಿಂದಿನ ದಿನ ಬಿಟ್ಟು ಉಳಿದದ್ದರಲ್ಲಿ ಎರಡು. ಸಂತೆಯ ದಿನ ತರಕಾರಿ ಅಗ್ಗವಾಗಿ ಸಿಗುವಾಗ ಅಂಗಡಿಯ ಹಲಗೆಯತ್ತ ಯಾರೂ ತಿರುಗುವುದಿಲ್ಲ. ಬೆಳಗಿನ ಲಾಂಚಿಗೆ ಗಾಡಿ ಹತ್ತಬೇಕೆಂದರೆ ಕೊಯ್ಲು ಹಿಂದಿನ ಸಂಜೆಯೇ ಆಗಬೇಕು. ಸಂಜೆಯಾದ ಮೇಲೆ ಲಾಂಚ್ ಇಲ್ಲ, ಹಾಗಾಗಿ ತಪ್ಪಿದರೆ ಮರುದಿನವೇ. ಬೇಸಿಗೆಯ ಕೊನೆಗೆ, ಪೂರ್ಣ ಮಟ್ಟ 1,819 ಅಡಿ ಇರುವ ಜಲಾಶಯ ತೀರ ಕೆಳಗಿಳಿದ ವರ್ಷಗಳಲ್ಲಿ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಆಗ ತಲೆಹೊರೆಯಲ್ಲಿ ಎಷ್ಟು ಹೋಗುತ್ತದೋ ಅಷ್ಟು.

ಈ ತೊಂದರೆಯಲ್ಲಿ ಒಂದು ಗುಣವೂ ಇತ್ತು. ದಿನ ನಿಗದಿಯಾಗಿತ್ತು, ಗಾಡಿ ಒಂದೇ ಇತ್ತು. ಆರು ಮನೆಯ ಮಾಲು ಹಾಲಿನ ಡೈರಿಯ ಜಗುಲಿಗೆ ಬಂದು ಸೇರಿ, ಒಂದೇ ಲಗೇಜ್ ಆಟೋದಲ್ಲಿ, ಒಂದೇ ಚೀಟಿಯ ಮೇಲೆ ಹೋಗುತ್ತಿತ್ತು.

ಸೇತುವೆ ಬಂದ ಮೇಲೆ ಕೆಟ್ಟದ್ದು

ಮೊದಲು ಮುರಿದದ್ದು ಆ ಒಂದೇ ಗಾಡಿಯ ಪದ್ಧತಿ. ಬೈಕಿಗೆ ಎರಡು ಚೀಲ ಕಟ್ಟಿಕೊಂಡು ಯಾವಾಗ ಬೇಕಾದರೂ ಹೋಗಬಹುದು ಎಂದಾದಾಗ ಬ್ಯಾಂಕಿಗೆ ಹೋಗುವವರು, ಮಕ್ಕಳನ್ನು ಕಾಲೇಜಿಗೆ ಬಿಡುವವರು ತಮ್ಮ ತಮ್ಮ ಮಾಲನ್ನು ತಾವೇ ಒಯ್ದರು. ಒಂದೇ ದಿನ ಮೂರು ಮನೆಯ ಬಸಳೆ, ಮರುದಿನ ಯಾರದ್ದೂ ಇಲ್ಲ. ಚೀಲದಲ್ಲಿ ಒತ್ತಿ ತಂದ ಸೊಪ್ಪು ನಲವತ್ತು ಕಿಲೋಮೀಟರಿನಲ್ಲಿ ಬೆಂದಂತಾಗುತ್ತದೆ. ಲಾಂಚಿನ ಸಾಲಿನಲ್ಲಿ ಕ್ರೇಟಿನೊಳಗೆ ನೆರಳಲ್ಲಿ ಎರಡು ಗಂಟೆ ನಿಂತ ಸೊಪ್ಪಿಗಿಂತ ಇದರ ಸ್ಥಿತಿ ಕೆಟ್ಟದಾಗಿರುತ್ತಿತ್ತು.

ಎರಡನೆಯದು, ವ್ಯಾಪಾರಿಗಳು ಮನೆ ಬಾಗಿಲಿಗೇ ಬರತೊಡಗಿದರು. ಶ್ರಾವಣ, ಗೌರಿ–ಗಣೇಶ, ನವರಾತ್ರಿ, ದೀಪಾವಳಿಗೆ ಬಾಳೆಗೊನೆಯ ಬೆಲೆ ಏರುತ್ತದೆ. ಅಂಗಡಿಗೆ ಒಪ್ಪಿಕೊಂಡ ಗೊನೆ ಅಂಗಳದಲ್ಲೇ ಕೈಬದಲಾಯಿತು. ಹಬ್ಬದ ವಾರದಲ್ಲಿ ಏಲಕ್ಕಿ ಬಾಳೆ ಕೇಳಿದ ಗಿರಾಕಿಗೆ ಅಂಗಡಿಯವರು ಬರಿಗೈ ತೋರಿಸಬೇಕಾಯಿತು. ಇದರಲ್ಲಿ ರೈತರನ್ನು ದೂರುವುದು ಸುಲಭ. ಆದರೆ ವರ್ಷವಿಡೀ ಒಂದೇ ಬೆಲೆ ಎಂದು ಅಂಗಡಿ ಬರೆಸಿಕೊಂಡಿದ್ದೇ ಮೊದಲ ತಪ್ಪು. ಹಬ್ಬದ ಬೆಲೆಯಲ್ಲಿ ಪಾಲಿಲ್ಲದ ಒಪ್ಪಂದ ಹಬ್ಬಕ್ಕೆ ಉಳಿಯುವುದಿಲ್ಲ.

ಮೂರನೆಯದು ಅಂಗಡಿಯ ಆಸೆ. ದಾರಿ ಸಲೀಸಾಯಿತಲ್ಲ ಎಂದು ಬೇಡಿಕೆ ಪಟ್ಟಿಗೆ ಹೂಕೋಸು, ಎಲೆಕೋಸು, ಕ್ಯಾರೆಟ್, ಬೀನ್ಸ್ ಸೇರಿತು, ಅದೂ ಆಗಸ್ಟಿನಲ್ಲಿ. ಆರಿದ್ರೆಯಿಂದ ಆಶ್ಲೇಷದವರೆಗೆ ಬಿಡದೆ ಸುರಿಯುವ ಕಡೆ ತೆರೆದ ಹೊಲದಲ್ಲಿ ಹೂಕೋಸು ಕೇಳುವುದು ಸೇತುವೆಯನ್ನು ನೋಡಿ ಮಳೆಯನ್ನು ಮರೆತಂತೆ.

ವಾರದ ಬೇಡಿಕೆಯಿಂದ ಹಿಂದಕ್ಕೆ ಲೆಕ್ಕ

ಸರಿಪಡಿಸುವ ಕೆಲಸ ಗಾಡಿಯಿಂದಲ್ಲ, ಬಿತ್ತನೆಯಿಂದ ಶುರುವಾಯಿತು. ಅಂಗಡಿಯವರು ಎರಡು ತಿಂಗಳು ಪ್ರತಿ ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಬರೆದರು: ಬಂದದ್ದು, ಮಾರಿದ್ದು, ಕೇಳಿ ಸಿಗದೆ ಹೋದದ್ದು. ಮೂರನೆಯ ಅಂಕಣವನ್ನು ಹೆಚ್ಚಿನ ಅಂಗಡಿಗಳು ಬರೆಯುವುದೇ ಇಲ್ಲ. ಬಿತ್ತನೆ ನಿರ್ಧರಿಸುವುದು ಅದೇ ಅಂಕಣ.

ಹರಿವೆಯನ್ನೇ ತೆಗೆದುಕೊಳ್ಳಿ. ಅಂಗಡಿಗೆ ವಾರಕ್ಕೆ 250 ಗ್ರಾಮಿನ 120 ಕಟ್ಟು ಬೇಕು, ಅಂದರೆ 30 ಕೆ.ಜಿ. ಬಿತ್ತಿದ 25ರಿಂದ 30 ದಿನಕ್ಕೆ ಹರಿವೆ ಕೀಳಲು ಬರುತ್ತದೆ. ಒಳ್ಳೆಯ ಮಣ್ಣಿನಲ್ಲಿ ಗುಂಟೆಗೆ 80 ಕೆ.ಜಿ.ವರೆಗೆ ತೆಗೆಯಬಹುದು, ಆದರೆ ಎಲೆ ತಿನ್ನುವ ಹುಳು, ಬಿಳಿ ತುಕ್ಕು, ಅಕಾಲ ಮಳೆ ಕಳೆದು 60 ಎಂದು ಹಿಡಿಯುವುದು ಕ್ಷೇಮ. ಹಾಗಾದರೆ ವಾರಕ್ಕೆ ಅರ್ಧ ಗುಂಟೆ ಸಾಕು. ಆದರೆ ಪ್ರತಿ ವಾರ ಅರ್ಧ ಗುಂಟೆ ಬಿತ್ತಬೇಕು. ಒಮ್ಮೆಲೇ ಮೂರು ಗುಂಟೆ ಬಿತ್ತಿದರೆ ಒಂದು ವಾರ ಸುರಿಮಳೆ, ನಾಲ್ಕು ವಾರ ಬರ. ಬೆಳೆಯುತ್ತಿರುವ ಐದು ಮಡಿ, ಗೊಬ್ಬರ ತಿಂದು ವಿಶ್ರಾಂತಿಯಲ್ಲಿರುವ ಒಂದು ಮಡಿ, ಒಟ್ಟು ಮೂರು ಗುಂಟೆ. ಇದನ್ನು ಎರಡು ಮನೆಗೆ ಹಂಚಿದರೆ ಒಂದರಲ್ಲಿ ಮಂಗ ನುಗ್ಗಿದರೂ ಇನ್ನೊಂದು ಕೈಹಿಡಿಯುತ್ತದೆ. ಅರ್ಧ ಗುಂಟೆಗೆ 10–12 ಗ್ರಾಂ ಬೀಜ, ಅಷ್ಟೇ. ಸಣ್ಣ ಬೀಜವಾದ್ದರಿಂದ ಹತ್ತು ಪಟ್ಟು ಒಣ ಮರಳಿನೊಡನೆ ಕಲೆಸಿ ಎರಚಬೇಕು. ಇಲ್ಲದಿದ್ದರೆ ಒಂದು ಕಡೆ ಒತ್ತು, ಇನ್ನೊಂದು ಕಡೆ ಬೋಳು. ಒತ್ತಾದ ಕಡೆ ಬುಡ ಕೊಳೆಯುತ್ತದೆ.

ಹೀರೆ, ಹಾಗಲ, ಮುಳ್ಳುಸೌತೆಗೆ ಆರೂ ಮನೆಯವರು ಬೀಜ ಹಾಕುವುದು ನಿಂತಿತು. ಎರಡೆರಡು ಮನೆಗೆ ಒಂದೊಂದು ಬಗೆಯ ಬಳ್ಳಿ. ಕಾರಣ ಹಣ್ಣುನೊಣ. ಅಲ್ಲೊಂದು ಇಲ್ಲೊಂದು ಬಳ್ಳಿ ಇದ್ದರೆ ನೊಣದ ಬಲೆ ಕಟ್ಟುವುದಕ್ಕೂ ಬೇಸರ, ಕಟ್ಟಿದರೂ ನೊಣ ಪಕ್ಕದ ಹಿತ್ತಲಲ್ಲಿ ಹುಟ್ಟಿ ಬರುತ್ತದೆ. 10 ಗುಂಟೆ ಬಳ್ಳಿತರಕಾರಿಗೆ ನೊಣವನ್ನು ವಾಸನೆಯಿಂದ ಸೆಳೆಯುವ ಕ್ಯೂಲೂರ್ ಹಾಕಿದ ಮೂರು ನಾಲ್ಕು ಬಲೆ, ಹೂ ಬಿಡುವ ಮೊದಲೇ. ಮಾವು, ಪೇರಲೆಗೆಂದು ಮಾರುವ ಮೀಥೈಲ್ ಯೂಜಿನಾಲ್ ಬಲೆ ಬಳ್ಳಿತರಕಾರಿಯ ನೊಣಕ್ಕೆ ಕೆಲಸ ಮಾಡುವುದಿಲ್ಲ. ಒಂದು ಮನೆಯಲ್ಲಿ ಇದೇ ಆಗಿತ್ತು: ಬಲೆಯಲ್ಲಿ ನೊಣ ಬಿದ್ದಿರುತ್ತಿತ್ತು, ಹಾಗಲದೊಳಗೆ ಹುಳುವೂ ಇರುತ್ತಿತ್ತು, ಏಕೆಂದರೆ ಬಿದ್ದ ನೊಣವೇ ಬೇರೆ ಜಾತಿಯದು. ಚುಚ್ಚಿದ ಕಾಯಿಯನ್ನು ಬಳ್ಳಿಯ ಬುಡದಲ್ಲಿ ಬಿಸಾಡಿದರೆ ಯಾವ ಬಲೆಯೂ ಉಪಯೋಗಕ್ಕಿಲ್ಲ. ದಿನಾ ಆರಿಸಿ ಆಳಕ್ಕೆ ಹೂಳಬೇಕು, ಇಲ್ಲವೇ ನೀರಲ್ಲಿ ಮುಳುಗಿಸಿಡಬೇಕು.

ಸುವರ್ಣಗೆಡ್ಡೆ ಈ ವ್ಯವಸ್ಥೆಯ ಬೆನ್ನೆಲುಬು. ಅರ್ಧ ಕೆ.ಜಿ. ತುಂಡನ್ನು ಸಗಣಿ ನೀರಲ್ಲಿ ಅದ್ದಿ ನೆರಳಲ್ಲಿ ಆರಿಸಿ, ಮಾರ್ಚ್–ಏಪ್ರಿಲಿನಲ್ಲಿ ಮೂರು ಅಡಿಗೊಂದರಂತೆ ನೆಟ್ಟರೆ ಗುಂಟೆಗೆ 120ಕ್ಕೂ ಹೆಚ್ಚು ಗುಣಿ. ಎಂಟೊಂಬತ್ತು ತಿಂಗಳಿಗೆ ಎಲೆ ಹಳದಿಯಾಗಿ ಒರಗಿದಾಗ ಕಿತ್ತರೆ ಗಿಡಕ್ಕೆ ಎರಡು ಕೆ.ಜಿ. ಎಂದರೂ 240 ಕೆ.ಜಿ. ಇದನ್ನು ಒಂದೇ ಸಲ ಅಂಗಡಿಗೆ ಹೊತ್ತು ಹಾಕಬೇಕಿಲ್ಲ. ನೆರಳಲ್ಲಿ ನಾಲ್ಕಾರು ದಿನ ಗಾಳಿಯಾಡಿಸಿ, ಒಂದಕ್ಕೊಂದು ತಾಗದಂತೆ ಹರಡಿಟ್ಟರೆ ವಾರಕ್ಕೆ 15–20 ಕೆ.ಜಿ.ಯಂತೆ ತಿಂಗಳುಗಟ್ಟಲೆ ಕಳಿಸಬಹುದು. ಕೊನೆ ಕೊಯ್ಲಿನ ಗಡಿಬಿಡಿಯ ವಾರಗಳಲ್ಲಿ ಅಂಗಡಿಯ ಹಲಗೆ ತುಂಬಿದ್ದು ಇದರಿಂದ.

ಕೊಯ್ಲು, ಕ್ರೇಟು, ಗಾಡಿ

ಅಂಗಡಿ ಹಿಂದಿನ ದಿನ ಮಧ್ಯಾಹ್ನ ಎರಡು ಗಂಟೆಯೊಳಗೆ ವಾಟ್ಸ್‌ಆ್ಯಪಿನಲ್ಲಿ ಬೇಡಿಕೆ ಹಾಕುತ್ತದೆ: ‘ಹರಿವೆ 60, ಬಸಳೆ 25, ಬದನೆ 12 ಕೆ.ಜಿ., ಅಣ್ಣಾ ಈ ಸಲ ತೊಂಡೆ ಬ್ಯಾಡ.’ ಸಂಜೆಯೊಳಗೆ ಪ್ರತಿ ಮನೆಯೂ ತಾನು ಕೊಡುವ ಪ್ರಮಾಣ ಬರೆಯಬೇಕು. ಬರೆಯದೆ ತಂದದ್ದನ್ನು ಅಂಗಡಿ ತೆಗೆದುಕೊಳ್ಳಲೇಬೇಕೆಂದಿಲ್ಲ. ಕಠಿಣ ಎನಿಸುವ ನಿಯಮ, ಆದರೆ ಬೈಕಿನ ಚೀಲಗಳನ್ನು ನಿಲ್ಲಿಸಿದ್ದು ಇದೊಂದೇ.

ಕೊಯ್ಲು ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ. ಹರಿವೆಯನ್ನು ಬೇರುಸಹಿತ ಕಿತ್ತು, ಮಣ್ಣು ಕೊಡವಿ, ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟಿ, ಬೇರಿನ ಕಡೆಯನ್ನಷ್ಟೇ ನೀರಿಗೆ ಅದ್ದಿ ಕ್ರೇಟಿನಲ್ಲಿ ನಿಲ್ಲಿಸಬೇಕು, ಮಲಗಿಸಬಾರದು. 20 ಕೆ.ಜಿ. ಹಿಡಿಸುವ ಕ್ರೇಟಿಗೆ ಸೊಪ್ಪು 5–6 ಕೆ.ಜಿ. ಮೀರಿದರೆ ನಡುವೆ ಶಾಖ ಹುಟ್ಟುತ್ತದೆ. ಕಿತ್ತ ಸೊಪ್ಪೂ ಉಸಿರಾಡುತ್ತದೆ, ಆ ಬಿಸಿ ಹೊರಹೋಗಲು ದಾರಿ ಬೇಕು. ಕ್ರೇಟಿನ ಒಳಗೆ ಬಾಳೆಲೆ ಹಾಸುವುದು ಸರಿ, ನಾಲ್ಕೂ ಬದಿ ಮುಚ್ಚುವುದು ತಪ್ಪು. ಮಳೆಗಾಲದಲ್ಲಿ ಪದ್ಧತಿ ತಿರುಗಮುರುಗ. ಬೇರಿನ ಕೆಸರು ಕ್ರೇಟಿಗೆ ಇಳಿದರೆ ಮರುದಿನಕ್ಕೆ ಲೋಳೆ, ಆದ್ದರಿಂದ ಬೇರು ಬಿಟ್ಟು ಕತ್ತರಿಸಬೇಕು. ಮಳೆ ಹೊಳವಾದ ಹೊತ್ತಲ್ಲಿ, ಹೆಚ್ಚಾಗಿ ಹಿಂದಿನ ಸಂಜೆ ಕೊಯ್ದು, ಚಾವಡಿಯಲ್ಲಿ ಫ್ಯಾನಿನ ಕೆಳಗೆ ಹರಡಿ ನೀರು ಆರಿಸಿ ಕಟ್ಟಬೇಕು. ನೀರು ಚಿಮುಕಿಸುವ ಬೇಸಿಗೆಯ ಅಭ್ಯಾಸವನ್ನು ಅಂಗಡಿಯ ಹುಡುಗ ಜುಲೈಯಲ್ಲೂ ಮುಂದುವರಿಸಿದ್ದರಿಂದ ಒಂದಿಷ್ಟು ಬಸಳೆ ಹಲಗೆಯ ಮೇಲೇ ಕೊಳೆತಿತ್ತು.

ಡೈರಿಯ ಹಿಂದೆ ಇಟ್ಟಿಗೆಯ ತಂಪುಗೂಡು ಕಟ್ಟಿದ್ದಾರೆ: ಎರಡು ಇಟ್ಟಿಗೆ ಗೋಡೆ, ನಡುವೆ 7.5 ಸೆಂ.ಮೀ. ಸಂದು, ಅದರಲ್ಲಿ ಹೊಳೆಮರಳು, ಬೆಳಿಗ್ಗೆ ಸಂಜೆ ಮರಳಿಗೆ ನೀರು, ಮೇಲೆ ಗೋಣಿ ಹೊದಿಸಿದ ಮುಚ್ಚಳ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ, ಕರೆಂಟು ಬೇಡದ ಗೂಡಿನ ಮಾದರಿ ಇದು. ಫೆಬ್ರವರಿಯಿಂದ ಮೇವರೆಗೆ ಬದನೆ, ಅಲಸಂದೆ, ಸೊಪ್ಪಿಗೆ ಇದು ಒಂದು ರಾತ್ರಿಯ ಜೀವ ಕೊಡುತ್ತದೆ. ಮಳೆಗಾಲದಲ್ಲಿ ನಿರುಪಯೋಗಿ. ನೀರು ಆವಿಯಾದರೆ ತಾನೇ ತಂಪು? ಗಾಳಿಯೇ ನೀರು ತುಂಬಿಕೊಂಡು ನಿಂತಿರುವಾಗ ಗೂಡಿನೊಳಗೆ ಬೂಸಲು ಮಾತ್ರ ಬೆಳೆಯುತ್ತದೆ. ಜೂನ್ ಬಂತೆಂದರೆ ಮುಚ್ಚಳ ತೆಗೆದು ಒಣಗಲು ಬಿಡುವುದೇ ಸರಿ.

ಏಲಕ್ಕಿ ಬಾಳೆ ಪೂರ್ತಿ ಹಣ್ಣಾದ ಮೇಲೆ ಕಳಿಸಿದರೆ ದಾರಿಯ ಕುಲುಕಾಟಕ್ಕೆ ಕಾಯಿ ಚಿಪ್ಪಿನಿಂದ ಕಳಚಿ ಉದುರುತ್ತದೆ. ಬಣ್ಣ ತಿರುಗುವ ಹೊತ್ತಿಗೆ ಚಿಪ್ಪು ಕತ್ತರಿಸಿ, ಸೊನೆ ಆರಲು ಬಿಟ್ಟು, ಕ್ರೇಟಿನಲ್ಲಿ ಒಂದೇ ಸಾಲು ಇಡಬೇಕು. ಅಂಗಡಿಯಲ್ಲಿ ಎರಡು ದಿನದಲ್ಲಿ ತಾನೇ ಹಣ್ಣಾಗುತ್ತದೆ. ಬೇಗ ಹಣ್ಣು ಮಾಡಲು ಕಾರ್ಬೈಡ್ ಇಡುವುದು ಸಾವಯವಕ್ಕಷ್ಟೇ ಅಲ್ಲ, ಯಾವ ಹಣ್ಣಿಗೂ ಕಾನೂನಿನಲ್ಲಿ ನಿಷಿದ್ಧ.

ಗಾಡಿಯ ಲೆಕ್ಕ ಸರಳ. ಮನೆಮನೆ ಸುತ್ತಿ ಸಾಗರಕ್ಕೆ ಹೋಗಿಬರಲು ಸುಮಾರು 100 ಕಿ.ಮೀ. ಡೀಸೆಲ್, ಚಾಲಕನ ಕೂಲಿ ಸೇರಿ ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. 200 ಕೆ.ಜಿ. ಹೊತ್ತರೆ ಕೆ.ಜಿ.ಗೆ 5 ರೂಪಾಯಿ, 80 ಕೆ.ಜಿ. ಹೊತ್ತರೆ 12.50. ಕೆ.ಜಿ.ಗೆ 30 ರೂಪಾಯಿ ಕೈಗೆ ಬರುವ ಸೌತೆಯಲ್ಲಿ 12.50 ಗಾಡಿಗೇ ಹೋದರೆ ಬೆಳೆದದ್ದೇ ವ್ಯರ್ಥ. 120 ಕೆ.ಜಿ.ಗಿಂತ ಕಡಿಮೆ ಬೇಡಿಕೆ ಇದ್ದ ದಿನ ಗಾಡಿ ಹೊರಡುವುದಿಲ್ಲ, ಬಸ್ಸಿನಲ್ಲಿ ಹೋಗುವಷ್ಟು ಮಾತ್ರ ಹೋಗುತ್ತದೆ. ವಾಪಸು ಬರುವಾಗ ಗಾಡಿ ಖಾಲಿ ಬಾರದಂತೆ ಹಿಂಡಿ, ದಿನಸಿ ತುಂಬಿಕೊಂಡರೆ ಅದರ ಬಾಡಿಗೆಯೂ ಲೆಕ್ಕಕ್ಕೆ ಸೇರುತ್ತದೆ. ಒಂದು ಎಚ್ಚರಿಕೆ: ಗೊಬ್ಬರ, ಕೀಟನಾಶಕದ ಚೀಲ ಅದೇ ಗಾಡಿಯಲ್ಲಿ ತರುವಂತಿಲ್ಲ.

ಉಳಿದದ್ದು ಯಾರ ಪಾಲಿಗೆ

ಜಗಳದ ಮೂಲ ಇದು. ಮೊದಲ ವ್ಯವಸ್ಥೆಯಲ್ಲಿ ಮಾಲು ಅಂಗಡಿಯಲ್ಲಿದ್ದರೂ ಮಾರುವವರೆಗೆ ರೈತರದೇ. ಅಂಗಡಿಗೆ ಮಾರಿದ್ದರ ಮೇಲೆ ನೂರಕ್ಕೆ 20. ಉಳಿದದ್ದು ಅದೇ ಕ್ರೇಟಿನಲ್ಲಿ ವಾಪಸು ಬಂದು ದನದ ಬಾಯಿಗೆ ಹೋಗುತ್ತಿತ್ತು, ಕೊಳೆಯ ಬೀಜ ಕ್ರೇಟಿಗೆ ಅಂಟಿಕೊಂಡು ಮುಂದಿನ ಕೊಯ್ಲಿಗೆ ಸೇರುತ್ತಿತ್ತು. ಅಂಗಡಿಗೆ ಉಳಿದರೆ ನಷ್ಟವಿಲ್ಲವಾದ್ದರಿಂದ ಹಲಗೆ ತುಂಬಿ ಕಾಣಲೆಂದು ಹೆಚ್ಚೇ ತರಿಸುತ್ತಿದ್ದರು.

ಹೊಸ ವ್ಯವಸ್ಥೆಯಲ್ಲಿ ಅಂಗಡಿಗೆ ನೂರಕ್ಕೆ 30, ಆದರೆ ತೂಕ ಹಾಕಿ ಇಳಿಸಿಕೊಂಡ ಮೇಲೆ ಮಾಲು ಅಂಗಡಿಯದು. ಕಟ್ಟಿಗೆ 20 ರೂಪಾಯಿಯ ಹರಿವೆಯಲ್ಲಿ ಇದು ಹೇಗೆ ಕೂಡುತ್ತದೆ ನೋಡಿ. ಹಿಂದೆ 100 ಕಟ್ಟು ಕಳಿಸಿ 75 ಮಾರಾಟವಾದರೆ ರೈತರಿಗೆ 75ಕ್ಕೆ 16ರಂತೆ 1,200, ಅಂಗಡಿಗೆ 300. ಈಗ ಅಂಗಡಿ ಎಚ್ಚರದಿಂದ 80 ಕಟ್ಟು ತರಿಸಿ 75 ಮಾರಿದರೆ ರೈತರಿಗೆ 80ಕ್ಕೆ 14ರಂತೆ 1,120, ಅಂಗಡಿಗೆ 380. ಕಾಗದದ ಮೇಲೆ ರೈತರಿಗೆ 80 ರೂಪಾಯಿ ಕಡಿಮೆ! ಸಭೆಯಲ್ಲಿ ಇದನ್ನೇ ಹಿಡಿದು ಇಬ್ಬರು ಎದ್ದು ಹೋದದ್ದುಂಟು. ಆದರೆ 20 ಕಟ್ಟು ಕೀಳುವ, ಕಟ್ಟುವ, ಹೊರುವ ಕೆಲಸ ಉಳಿಯಿತು, ಅಷ್ಟು ಜಾಗ ಬೇರೆ ಬೆಳೆಗೆ ಸಿಕ್ಕಿತು. ಕೊಯ್ದ ಪ್ರತಿ ಕಟ್ಟಿಗೆ ಹಿಂದೆ 12 ಬರುತ್ತಿತ್ತು, ಈಗ 14. ಲೆಕ್ಕ ಹಾಕಬೇಕಾದದ್ದು ಮಾರಿದ ಕಟ್ಟಿಗಲ್ಲ, ಕೊಯ್ದ ಕಟ್ಟಿಗೆ.

ಬೇಡವೆಂದು ತೆಗೆದಿಡುವುದಿದ್ದರೆ ಗಾಡಿ ನಿಂತ ಒಂದು ಗಂಟೆಯೊಳಗೆ ತೆಗೆದು, ಕಾರಣ ಬರೆದು, ಫೋಟೊ ಹಾಕಬೇಕು. ಚೀಟಿ ಎರಡು ಪ್ರತಿ. ಲೆಕ್ಕಕ್ಕೆ ಹಿಡಿಯುವ ತೂಕದ ಯಂತ್ರ ಒಂದೇ, ಕಾನೂನು ಮಾಪನ ಇಲಾಖೆಯ ಮುದ್ರೆ ಇರುವ ಅಂಗಡಿಯದು. ಡೈರಿಯಲ್ಲಿ ತೂಗಿದ ಸೊಪ್ಪು ಸಾಗರ ಮುಟ್ಟುವಾಗ ಹಗುರಾಗಿರುವುದು ಸಹಜ, ಅದಕ್ಕೇ ಸೊಪ್ಪನ್ನು ಕಟ್ಟಿನ ಲೆಕ್ಕದಲ್ಲೇ ಕೊಳ್ಳುತ್ತಾರೆ. ದುಡ್ಡು ಪ್ರತಿ ಶನಿವಾರ ಆಯಾ ಮನೆಯ ಖಾತೆಗೆ ನೇರ. ಬಾಳೆಗೆ ಬೇರೆ ನಿಯಮ: ನೂರರಲ್ಲಿ 70 ಗೊನೆ ಅಂಗಡಿಗೆ, 30 ಬೆಳೆದವರ ಇಷ್ಟಕ್ಕೆ. ಹಬ್ಬದ ಹದಿನೈದು ದಿನ ಅಂಗಡಿಯೂ ಆ ವಾರದ ಪೇಟೆ ಬೆಲೆಯನ್ನೇ ಕೊಡಬೇಕು.

ಪ್ರಮಾಣಪತ್ರ, ಫಲಕ, ತಾಮ್ರದ ನೀಲಿ

ಚಿಕ್ಕ ರೈತ ತಿನ್ನುವವರಿಗೆ ತಾನೇ ನೇರ ಮಾರಿದರೆ 2017ರ ಸಾವಯವ ಆಹಾರ ನಿಯಮಗಳಲ್ಲಿ ಪ್ರಮಾಣಪತ್ರದ ವಿನಾಯಿತಿ ಇದೆ. ಅಂಗಡಿಯ ಮೂಲಕ ಹೋದರೆ ಅದು ನೇರ ಮಾರಾಟವಲ್ಲ. ಹಲಗೆಯ ಮೇಲೆ ‘ಸಾವಯವ’ ಎಂದು ಬರೆಯಬೇಕಾದರೆ ಹೊರಗಿನ ಸಂಸ್ಥೆ ಪರಿಶೀಲಿಸುವ ಎನ್‌ಪಿಒಪಿ ಅಥವಾ ರೈತರ ಗುಂಪೇ ಪರಿಶೀಲಿಸುವ ಪಿಜಿಎಸ್–ಇಂಡಿಯಾ, ಎರಡರಲ್ಲೊಂದು ಪ್ರಮಾಣಪತ್ರ ಬೇಕು. ಹಲವು ಅಂಗಡಿಯವರಿಗೆ ಇದು ಗೊತ್ತೇ ಇರುವುದಿಲ್ಲ. ಇವರು ಹಿಡಿದದ್ದು ಪಿಜಿಎಸ್ ದಾರಿ. ಕನಿಷ್ಠ ಐದು ರೈತರ ಗುಂಪು, ಒಬ್ಬರ ತೋಟವನ್ನು ಉಳಿದವರು ನೋಡಿ ಪರಿಶೀಲಿಸುವ ಪದ್ಧತಿ. ಪರಿವರ್ತನೆಯಲ್ಲಿರುವ ತೋಟದ್ದು ‘ಗ್ರೀನ್’, ಅವಧಿ ಮುಗಿದದ್ದು ‘ಆರ್ಗ್ಯಾನಿಕ್’.

ಆರು ಮನೆಯಲ್ಲಿ ಒಂದು ಮನೆಯವರು ಎತ್ತರದ, ಮಳೆ ನಂಬಿದ ಮಕ್ಕಿಗದ್ದೆಯನ್ನು ಶುಂಠಿ ಬೆಳೆಯುವವರಿಗೆ ಗುತ್ತಿಗೆ ಕೊಟ್ಟರು. ಶುಂಠಿಯ ಗುತ್ತಿಗೆ ಹಣ ಒಂದೇ ಗಂಟಿನಲ್ಲಿ ಬರುತ್ತದೆ, ಬೇಡ ಎನ್ನುವುದು ಕಷ್ಟ. ಆದರೆ ಆ ಬೆಳೆಗೆ ಸುರಿಯುವ ಔಷಧಿ ಮಳೆನೀರಿನೊಡನೆ ಕೆಳಗಿನ ತರಕಾರಿ ಮಡಿಗೆ ಇಳಿಯುತ್ತದೆ. ಗುಂಪು ಆ ಮನೆಯನ್ನು ಪಟ್ಟಿಯಿಂದ ತೆಗೆಯಿತು. ಉಳಿದದ್ದು ಐದು, ಅಂದರೆ ಇನ್ನೊಬ್ಬರು ಹೊರಬಿದ್ದರೆ ಗುಂಪೇ ಇಲ್ಲ, ಅಂಗಡಿಯ ಫಲಕವೂ ಇಲ್ಲ. ಐದೇ ಜನರ ಗುಂಪು ಕಟ್ಟಬಾರದು. ಎಂಟೊಂಬತ್ತು ಮನೆ ಸೇರಿಸಿಟ್ಟುಕೊಳ್ಳಬೇಕು. ಈಗ ಎರಡು ಹೊಸ ಮನೆ ‘ಗ್ರೀನ್’ ಹಂತದಲ್ಲಿವೆ, ಅವರ ಮಾಲಿಗೆ ಬೇರೆ ಕ್ರೇಟು, ಬೇರೆ ಚೀಟಿ.

ಇನ್ನೊಂದು ತೊಡಕು ಮಲೆನಾಡಿಗೇ ವಿಶಿಷ್ಟ. ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಒಮ್ಮೆ, 40–45 ದಿನ ಬಿಟ್ಟು ಮತ್ತೊಮ್ಮೆ ಬೋರ್ಡೋ ಎಂಬ ತಾಮ್ರದ ದ್ರಾವಣ ಹೊಡೆಯುತ್ತಾರೆ: 100 ಲೀಟರ್ ನೀರಿಗೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ. ಸಾವಯವದಲ್ಲಿ ತಾಮ್ರಕ್ಕೆ ನಿರ್ಬಂಧದೊಡನೆ ಅವಕಾಶವಿದೆ. ಆದರೆ ಮರದ ಕೆಳಗಿನ ಬಸಳೆ ಚಪ್ಪರದ ಮೇಲೆ ಬಿದ್ದ ನೀಲಿ ಕಲೆ ಮಳೆಗೂ ಬಿಡುವುದಿಲ್ಲ, ಮಳೆಗೆ ತೊಳೆದುಹೋಗದೆ ಅಂಟಿ ನಿಲ್ಲುವಂತೆ ಸುಣ್ಣ ಕೂಡಿಸಿ ಮಾಡಿದ ಮಿಶ್ರಣ ಅದು. ನೀಲಿ ಎಲೆ ಕಂಡ ಗಿರಾಕಿ ‘ಔಷಧಿ ಹೊಡೆದ ಸೊಪ್ಪು’ ಎಂದರೆ ತಪ್ಪೇನು? ಚಪ್ಪರಗಳನ್ನು ತೋಟದಿಂದ ತೆಗೆದು ಮನೆಯಂಗಳದ ಕಡೆಗೆ, ಅಂಚಿನ ಅಡಿಕೆ ಸಾಲಿನಿಂದ ಹತ್ತು ಮೀಟರಿನಾಚೆ ಹಾಕಿಸಿದರು. ತೋಟದೊಳಗಿನ ಯಾವ ಸೊಪ್ಪೂ ಔಷಧಿ ಹೊಡೆದ ಮೇಲೆ ಆ ಮಳೆಗಾಲ ಅಂಗಡಿಗಿಲ್ಲ. ಹೊಡೆದ ದಿನಾಂಕ ಗುಂಪಿನ ಪುಸ್ತಕದಲ್ಲಿ.

ಅಂಗಡಿಯ ಕಡೆಯ ನಿಯಮಗಳು ಕಡಿಮೆ, ಆದರೆ ಮುರಿಯುವುದು ಅವೇ ಹೆಚ್ಚು. ಸಾವಯವ ಹಲಗೆ ಎಲ್ಲಕ್ಕಿಂತ ಮೇಲೆ, ಬೇರೆ ತರಕಾರಿಯ ನೀರು, ದೂಳು ಅದರ ಮೇಲೆ ಬೀಳಬಾರದು. ಫಲಕದಲ್ಲಿ ‘ಶರಾವತಿ ಹಿನ್ನೀರಿನ ತೋಟದ್ದು’ ಎಂದು ಊರಿನ ಹೆಸರು, ಕೊಯ್ದ ದಿನ. ಮಾಲು ಇಲ್ಲದ ದಿನ ಶಿವಮೊಗ್ಗದ ಮಾರುಕಟ್ಟೆಯಿಂದ ತಂದದ್ದನ್ನು ಆ ಫಲಕದಡಿ ಇಡುವಂತಿಲ್ಲ, ‘ಈ ವಾರ ಇಲ್ಲ’ ಚೀಟಿಯೇ ಇರಬೇಕು. ಖಾಲಿ ಹಲಗೆ ನೋಡಿ ಗಿರಾಕಿ ಹೋಗಿಬಿಡುತ್ತಾರೆಂಬ ಅಂಗಡಿಯವರ ಅಂಜಿಕೆ ಅರ್ಥವಾಗುವಂಥದ್ದೇ. ಆದರೆ ಈ ಫಲಕಕ್ಕೆಂದು ಹೆಚ್ಚು ಬೆಲೆ ಕೊಡುವವರು ಒಮ್ಮೆ ಅನುಮಾನಪಟ್ಟರೆ ಮಾಲಿದ್ದ ದಿನವೂ ಬರುವುದಿಲ್ಲ.

ಮಳೆಗಾಲದ ಹಲಗೆ

ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಏನು ಮಾರುವುದು ಎಂಬುದಕ್ಕೆ ಉತ್ತರ ಹಳೆಯ ಅಟ್ಟಗಳಲ್ಲೇ ಇತ್ತು. ಭತ್ತದ ಗದ್ದೆಯಲ್ಲಿ ಜನವರಿಗೆ ಹಾಕಿದ ಮೊಗೆಕಾಯಿ (ಸಾಂಬಾರು ಸೌತೆ), ಸಿಹಿಗುಂಬಳ, ಬೂದುಗುಂಬಳಗಳನ್ನು ಬಲಿತ ಮೇಲೆ ಒಂದಿಂಚು ತೊಟ್ಟು ಬಿಟ್ಟು ಕೊಯ್ದು, ಮೊಗೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ತೊಲೆಗೆ ತೂಗುಹಾಕಿದರೆ ಮಳೆಗಾಲದ ಬಹುಪಾಲು ತಡೆಯುತ್ತದೆ. ತೊಟ್ಟು ಮುರಿದ, ನೆಲಕ್ಕೆ ಬಿದ್ದು ಒಳಪೆಟ್ಟಾದ ಕಾಯಿ ಮೊದಲು ಕೊಳೆಯುತ್ತದೆ, ಪಕ್ಕದ್ದನ್ನೂ ಕೆಡಿಸುತ್ತದೆ. ಅಂಥವನ್ನು ಕೊಯ್ದ ವಾರವೇ ಮಾರಬೇಕು. ಮಳೆಗಾಲಕ್ಕೆಂದು ವಾರಕ್ಕೆ 40 ಕೆ.ಜಿ.ಯಂತೆ ಎಂಟು ವಾರಕ್ಕೆ 320 ಕೆ.ಜಿ., ಹಾಳಾಗುವ ಪಾಲು ಸೇರಿಸಿ 400 ಕೆ.ಜಿ. ಮೊಗೆಕಾಯಿ ಅಟ್ಟ ಹತ್ತಿರಬೇಕು. ಜತೆಗೆ ಕೆಸು, ಬಾಳೆಕಾಯಿ, ಬಾಳೆದಿಂಡು, ಅಂಗಳದ ಬಸಳೆ. ಕಳಲೆಗೆ (ಎಳೆ ಬಿದಿರಿಗೆ) ಗಿರಾಕಿ ಬಹಳ, ಆದರೆ ಕಾಡಿನದು ತೋಟದ ಪ್ರಮಾಣಪತ್ರದಡಿ ಬರುವುದಿಲ್ಲ. ಅದನ್ನು ಈ ಹಲಗೆಗೆ ತರಬಾರದೆಂದು ಗುಂಪು ತೀರ್ಮಾನಿಸಿದೆ.

ಇನ್ನೂ ಬಗೆಹರಿಯದೆ ಉಳಿದದ್ದು ಮಳೆಗಾಲದ ಹರಿವೆ. 200 ಮೈಕ್ರಾನ್ ಹಾಳೆಯ ಮಳೆಮರೆ ಹಾಕಿದರೆ ಬೆಳೆಯಬಹುದು: 4 ಮೀಟರ್ ಅಗಲ, 10 ಮೀಟರ್ ಉದ್ದ, ಬದಿಗಳು ತೆರೆದಿರಬೇಕು, ನಡುವಿನ ಎತ್ತರ ಎಂಟಡಿಗೆ ಕಡಿಮೆಯಾದರೆ ಒಳಗೆ ಸೆಕೆ ಕಟ್ಟಿ ಬುಡ ಕೊಳೆಯುತ್ತದೆ. ಕಂಬಕ್ಕೆ ಅಡಿಕೆ ದಬ್ಬೆ ಹಾಕಿದರೆ ಖರ್ಚು ಕಡಿಮೆ, ಆದರೆ ಎರಡು ಮಳೆಗೆ ಬುಡ ಮೆತ್ತಗಾಗುತ್ತದೆ. ಕಬ್ಬಿಣದ ಪೈಪು ಹಾಕಿದರೆ ಒಂದು ಮನೆಯ ತರಕಾರಿ ಆದಾಯಕ್ಕೆ ಅದು ಹೊರೆ. ಒಂದು ಮರೆಯಲ್ಲಿ ಸಿಗುವುದು ಅರ್ಧ ಗುಂಟೆಗೂ ಕಡಿಮೆ ಜಾಗ, ಮೋಡದ ಬೆಳಕಿನಲ್ಲಿ ಹರಿವೆಗೆ 25 ದಿನದ ಬದಲು 40 ದಿನ ಬೇಕಾದೀತು. ಹಾಗಾಗಿ ವಾರವಾರವೂ ಕೊಡಬೇಕೆಂದರೆ ಆರು ಮರೆ ಬೇಕು. ಅಂಗಡಿ ಅರ್ಧ ಖರ್ಚು ಮುಂಗಡ ಕೊಟ್ಟು ಸೊಪ್ಪಿನಲ್ಲಿ ಮುರಿದುಕೊಳ್ಳುವ ಪ್ರಸ್ತಾಪ ಇಟ್ಟಿದೆ. ಗಾಳಿಗೆ ಹಾಳೆ ಹರಿದರೆ ಆ ಮುಂಗಡ ಯಾರ ಲೆಕ್ಕಕ್ಕೆ ಎಂಬುದು ಬರವಣಿಗೆಯಲ್ಲಿ ಬರುವವರೆಗೆ ಮೊದಲ ಕಂಬ ನೆಡುವುದಿಲ್ಲ ಎಂದು ತೋಟದವರು ಹೇಳಿದ್ದಾರೆ.